ರೈಲು, ಕ್ಯಾಮೆರಾ, ಪೆನ್ನು, ಹೊಲಿಗೆ ಯಂತ್ರ: ಎಲ್ಲ ಒಬ್ಬರೇ ಮಾಡಿದ್ದಾ?

ಓದುಗರ ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹುಬ್ಬಳ್ಳಿಯವನು, ವಯಸ್ಸು 26. ಮೆಕ್ಯಾನಿಕಲ್‌ನಲ್ಲಿ ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಡಿಸೈನ್ ಎಂಜಿನಿಯರ್ ಆಗಿದ್ದೇನೆ. ಹೆಸರಿಗೆ ಡಿಸೈನ್, ದಿನವಿಡೀ ಬ್ರಾಕೆಟ್‌ಗಳ (ಭಾಗಗಳನ್ನು ಹಿಡಿದಿಡುವ ಪಟ್ಟಿಗಳ) ಕ್ಯಾಡ್, ಅಂದರೆ ಕಂಪ್ಯೂಟರ್ ಡ್ರಾಯಿಂಗ್. ಚಿಕ್ಕಂದಿನಿಂದ ಚಿತ್ರ ಬರೆಯುವ ಹುಚ್ಚು. ಈಚೆಗೆ ಬ್ರಿಟನ್ನಿನ ವಿನ್ಯಾಸಕ ಕೆನ್ನೆತ್ ಗ್ರೇಂಜ್ ಬಗ್ಗೆ ಓದಿದೆ. ರೈಲು, ಕೆನ್‌ವುಡ್ ಮಿಕ್ಸರ್, ಕೊಡಾಕ್ ಕ್ಯಾಮೆರಾ, ಪಾರ್ಕರ್ ಪೆನ್ನು, ಪಾರ್ಕಿಂಗ್ ಮೀಟರ್, ಲಂಡನ್ ಟ್ಯಾಕ್ಸಿ, ಎಲ್ಲವನ್ನೂ ಅವರೇ ಮಾಡಿದರಂತೆ. ಎಂಜಿನಿಯರಿಂಗ್ ಓದೇ ಇಲ್ಲವಂತೆ! ಒಬ್ಬರಿಗೆ ಇಷ್ಟೆಲ್ಲ ಹೇಗೆ ಬಂತು? ನಮ್ಮ ಮ್ಯಾನೇಜರ್ 'ಅವರೆಲ್ಲ ಹೊರಗಿನ ಕವಚ ಚೆಂದ ಮಾಡೋರು, ನಿಜವಾದ ಕೆಲಸ ನಮ್ಮದು' ಅನ್ನುತ್ತಾರೆ. ಕೆಲಸ ಬಿಟ್ಟು ಸಾಲ ಮಾಡಿ ಇಂಗ್ಲೆಂಡಿಗೆ ಹೋಗಿ ಪ್ರಾಡಕ್ಟ್ ಡಿಸೈನ್ ಓದಲಾ ಅಂತ ಯೋಚನೆ. ಅಪ್ಪ 'ಇರೋ ನೌಕರಿ ಬಿಟ್ಟು ಚಿತ್ರ ಬರೀತಾನಂತೆ' ಅಂತ ಮಾತು ಬಿಟ್ಟಿದ್ದಾರೆ. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಒಂದು ಗ್ರೇಂಜ್ ಬಗ್ಗೆ, ಇನ್ನೊಂದು ನಿಮ್ಮ ಬಗ್ಗೆ. ಮೊದಲನೆಯದನ್ನು ಸರಿಯಾಗಿ ಬಿಡಿಸಿಕೊಂಡರೆ ಎರಡನೆಯದು ಅರ್ಧ ಹಗುರವಾಗುತ್ತದೆ. ಯಾಕೆಂದರೆ ನೀವು ಓದಿದ್ದರಲ್ಲಿ ಅರ್ಧ ನಿಜ, ಅರ್ಧ ಬಾಯಿಂದ ಬಾಯಿಗೆ ಬೆಳೆದದ್ದು. ಆ ಬೆಳೆದ ಭಾಗವನ್ನು ನಂಬಿ ಸಾಲ ಮಾಡಬಾರದು ಅಲ್ವಾ?

ರೈಲಿನಿಂದಲೇ ಶುರು ಮಾಡೋಣ. ಬ್ರಿಟಿಷ್ ರೈಲಿನ ಇಂಟರ್‌ಸಿಟಿ 125 ಅನ್ನು ಗ್ರೇಂಜ್ 'ಮಾಡಿದರು' ಎನ್ನುವುದು ತಪ್ಪು. ಆ ರೈಲು ಡರ್ಬಿಯಲ್ಲಿದ್ದ ಬ್ರಿಟಿಷ್ ರೈಲ್ವೆಯ ಎಂಜಿನಿಯರುಗಳದ್ದು. ಆ ತಂಡದ ಮುಂದಾಳು ಟೆರ್ರಿ ಮಿಲ್ಲರ್. ಎರಡು ತುದಿಗೂ ಒಂದೊಂದು ಪವರ್ ಕಾರ್, ಒಂದೊಂದರಲ್ಲೂ 2,250 ಅಶ್ವಶಕ್ತಿಯ ಡೀಸೆಲ್ ಎಂಜಿನ್, ಗಂಟೆಗೆ 125 ಮೈಲಿ ಅಂದರೆ ಸುಮಾರು 201 ಕಿ.ಮೀ. ವೇಗ. ಅಷ್ಟು ವೇಗದಿಂದ ಹಳೇ ಹಳಿಗಳ ಮೇಲೇ ಓಡಿ, ಹಳೇ ಸಿಗ್ನಲ್‌ಗಳ ನಡುವೆಯೇ ನಿಲ್ಲಬೇಕಿತ್ತು. ಇದ್ಯಾವುದರಲ್ಲೂ ಗ್ರೇಂಜ್ ಕೈಯಿಲ್ಲ. ಅವರನ್ನು ಕರೆದದ್ದು ಬಣ್ಣಕ್ಕೆ! ಮೂತಿ ಆಗಲೇ ಗೊತ್ತಾಗಿತ್ತು. ಅದರ ಮೇಲೆ ಯಾವ ಬಣ್ಣ, ಪಟ್ಟೆ ಎಲ್ಲಿ ಬರಬೇಕು, ಇಷ್ಟೇ ಅವರಿಗೆ ಕೊಟ್ಟ ಕೆಲಸ.

ಆ ಮೂತಿ ಅವರಿಗೆ ಒಪ್ಪಿಗೆಯಾಗಲಿಲ್ಲ. ಇಲ್ಲಿ ಅವರು ಮಾಡಿದ್ದನ್ನು ಗಮನಿಸಿ. 'ಚೆನ್ನಾಗಿಲ್ಲ' ಎಂದು ಸುಮ್ನೆ ಹೇಳಿ ಕೂರಲಿಲ್ಲ. ಮಾಡೆಲ್ ಮಾಡಿಸಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಂಡ್ ಟನಲ್‌ನಲ್ಲಿ, ಅಂದರೆ ಮಾದರಿಯ ಮೇಲೆ ಗಾಳಿ ಹಾಯಿಸಿ ಪರೀಕ್ಷೆ ಮಾಡುವ ಕೊಳವೆಯಲ್ಲಿ, ಇಟ್ಟು ನೋಡಿದರು. ಗಾಳಿಯ ವಿಷಯ ಬಲ್ಲವರ ಜೊತೆ ಕೂತು ಆಕಾರ ತಿದ್ದಿದರು. ಬಣ್ಣದ ಯೋಜನೆ ಒಪ್ಪಿಸುವಾಗ ಹೊಸ ಮೂತಿಯನ್ನೂ ಮುಂದಿಟ್ಟರು. ಕೇಳದೇ ಇದ್ದ ಕೆಲಸ, ಅದೂ ತಮ್ಮದೇ ಸಮಯದಲ್ಲಿ. ಆದರೆ ಕೈಯಲ್ಲಿ ಲೆಕ್ಕವಿತ್ತು, ಪರೀಕ್ಷೆಯ ಫಲಿತಾಂಶವಿತ್ತು.

ಬಫರ್‌ಗಳ ಪ್ರಸಂಗ ನನಗೆ ಇನ್ನೂ ಇಷ್ಟ. ಹಳೇ ಎಂಜಿನ್‌ಗಳ ಮುಂದೆ, ಬೋಗಿಗೆ ತಾಗುವಾಗ ಹೊಡೆತ ತಡೆಯಲು, ಎರಡು ದಪ್ಪ ಗುಂಡಿಗಳ ಹಾಗೆ ಬಫರ್ ಇರುತ್ತವಲ್ಲ, ಅವು ಈ ರೈಲಿಗೆ ಯಾಕೆ ಬೇಕು ಅಂತ ಗ್ರೇಂಜ್ ಕೇಳಿದರು. ಈ ರೈಲಿನ ಬೋಗಿಗಳೂ ಎರಡೂ ಪವರ್ ಕಾರ್‌ಗಳೂ ಒಂದೇ ಜೋಡಣೆಯಾಗಿ ಓಡುವಂಥವು. ದಿನಾ ಬಿಚ್ಚಿ ಬೇರೆ ಬೋಗಿ ತಗುಲಿಸುವ ಪ್ರಮೇಯವೇ ಇಲ್ಲ. ಬೇಕೇಬೇಕು ಅನ್ನುವ ಕಾರಣ ಯಾರ ಹತ್ತಿರವೂ ಇರಲಿಲ್ಲ. ರೂಢಿಯಾಗಿ ಬಂದಿತ್ತು, ಹಾಗಾಗಿ ಇತ್ತು. ಬಫರ್ ಹೋದವು. ಕೆಟ್ಟು ನಿಂತಾಗ ಎಳೆಯಲು ಬೇಕಾದ ಕೊಂಡಿ ಮೂತಿಯ ಕವಚದೊಳಗೆ ಅಡಗಿತು. ನುಣುಪಾದ ಆ ಮೂತಿ ಸಿಕ್ಕಿದ್ದು ಅದರಿಂದ.

ಹೀಗೇ ಇನ್ನೊಂದು. ಮೊದಲ ಮಾದರಿ ರೈಲಿನಲ್ಲಿ ಚಾಲಕರಿಗೆ ನಡುಮಧ್ಯೆ ಒಂದೇ ಸೀಟು, ಎದುರಿಗೆ ಚಿಕ್ಕ ಕಿಟಕಿ. ಒಬ್ಬರೇ ಕೂರುವ ಆ ವ್ಯವಸ್ಥೆಗೆ ಚಾಲಕರ ಸಂಘ ಒಪ್ಪಲಿಲ್ಲ. ಕೊನೆಗೆ ತಯಾರಾದ ರೈಲಿನಲ್ಲಿ ಇಬ್ಬರು ಅಕ್ಕಪಕ್ಕ ಕೂರುವ ಕ್ಯಾಬ್, ಅಗಲವಾದ ಒಂದೇ ಗಾಜು ಬಂತು. ಇವತ್ತು ಜನ ಆ ರೈಲಿನ 'ಮುಖ' ಎಂದು ಗುರುತು ಹಿಡಿಯುವುದರಲ್ಲಿ ಕಾರ್ಮಿಕ ಸಂಘದ ಹಟಕ್ಕೂ ಪಾಲಿದೆ. ವಿನ್ಯಾಸದ ಕಥೆ ಬರೆಯುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು. ನಮ್ಮ ಕೆಲಸ ನಿಜವಾಗಿ ನಡೆಯುವುದೇ ಹೀಗೆ.

1976ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಬ್ರಿಸ್ಟಲ್ ಮತ್ತು ವೇಲ್ಸ್ ಕಡೆಗೆ ಆ ರೈಲು ಓಡಲು ಶುರುವಾಯಿತು. 1987ರಲ್ಲಿ ಗಂಟೆಗೆ 238 ಕಿ.ಮೀ. ದಾಟಿ ಡೀಸೆಲ್ ರೈಲುಗಳ ವಿಶ್ವದಾಖಲೆ ಮಾಡಿತು. ನಾಲ್ಕು ದಶಕಕ್ಕೂ ಜಾಸ್ತಿ ಕಾಲ ಜನರನ್ನು ಹೊತ್ತಿತು. 2016ರಲ್ಲಿ ಒಂದು ಪವರ್ ಕಾರ್‌ಗೆ ಗ್ರೇಂಜ್ ಅವರ ಹೆಸರನ್ನೇ ಇಟ್ಟರು. ಅದು ಈಗ ಯಾರ್ಕ್‌ನ ರೈಲ್ವೆ ಮ್ಯೂಸಿಯಂನಲ್ಲಿದೆ.

ಈಗ ನಿಮ್ಮ ಮ್ಯಾನೇಜರ್ ಮಾತಿಗೆ ಬರೋಣ. 'ಹೊರಗಿನ ಕವಚ.' ನಾನು ಅಡುಗೆಮನೆ ಉಪಕರಣಗಳ ವಿನ್ಯಾಸದಲ್ಲೇ ಇಷ್ಟು ವರ್ಷ ಕಳೆದವಳು. ಈ ಮಾತನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಅವರು ಹೇಳುವುದರಲ್ಲಿ ನಿಜವೇ ಇಲ್ಲ ಅನ್ನಲ್ಲ. ಕೆನ್‌ವುಡ್ ಶೆಫ್ ಯಂತ್ರ 1950ರಲ್ಲೇ ಇತ್ತು. ಅದರ ಮೋಟಾರು, ಗೇರು ಗ್ರೇಂಜ್ ಅವರದ್ದಲ್ಲ. 1960ರಲ್ಲಿ ಬಂದ ಹೊಸ ರೂಪ ಮಾತ್ರ ಅವರದ್ದು. ಕಾಲಾವಕಾಶ ತುಂಬ ಕಡಿಮೆಯಿತ್ತು. ಪೂರ್ತಿ ಮಾಡೆಲ್ ಮಾಡಲು ಆಗದೆ ಅರ್ಧ ಮಾತ್ರ ಮಾಡಿ, ಅದನ್ನು ಕನ್ನಡಿಗೆ ಒತ್ತಿ ನಿಲ್ಲಿಸಿ, ಪೂರ್ತಿ ಯಂತ್ರದ ಹಾಗೆ ತೋರಿಸಿದರಂತೆ. ಜರ್ಮನಿಯ ಬ್ರೌನ್ ಕಂಪನಿ 1957ರಲ್ಲಿ ತಂದಿದ್ದ ಯಂತ್ರದ ಛಾಯೆ ಅದರಲ್ಲಿದೆ ಎಂದು ಬಲ್ಲವರು ಹೇಳುತ್ತಾರೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನನಗೂ ಹಾಗೇ ಕಾಣುತ್ತದೆ. ಅಷ್ಟರ ಮಟ್ಟಿಗೆ ನಿಮ್ಮ ಮ್ಯಾನೇಜರ್ ಗೆದ್ದರು.

ಆದರೆ ಹೊಲಿಗೆ ಯಂತ್ರದ ಮುಂದೆ ಅವರ ವಾದ ನಿಲ್ಲುವುದಿಲ್ಲ. 1960ರ ದಶಕದಲ್ಲಿ ಜಪಾನಿನ ಮರುಜೆನ್ ಕಂಪನಿಗೆ ಗ್ರೇಂಜ್ ಒಂದು ಹೊಲಿಗೆ ಯಂತ್ರ ಮಾಡಿಕೊಟ್ಟರು. ನಿಮ್ಮ ಮನೆಯಲ್ಲಿ ಅಮ್ಮನೋ ಅತ್ತೆಯೋ ಹೊಲಿಯುತ್ತಿದ್ದರೆ ಒಂದು ಗಳಿಗೆ ಪಕ್ಕದಲ್ಲಿ ನಿಂತು ನೋಡಿ. ಬಟ್ಟೆಯನ್ನು ಜೋಡಿಸುವುದು, ನೆರಿಗೆ ಹಿಡಿಯುವುದು, ಅಂಚು ಮಡಚುವುದು, ಎಲ್ಲ ಸೂಜಿಯ ಈಚೆ ಬದಿಯಲ್ಲಿ, ಹೊಲಿಯುವವರ ಕಡೆಗೆ. ಸೂಜಿ ದಾಟಿದ ಮೇಲೆ ಬಟ್ಟೆಗೆ ಏನೂ ಕೆಲಸವಿಲ್ಲ, ಆಚೆ ಜಾರಿ ಬೀಳುತ್ತದೆ ಅಷ್ಟೇ. ಆದರೆ ಯಂತ್ರಗಳಲ್ಲಿ ಸೂಜಿಯ ತೋಳು ತಳಹಲಗೆಯ ನಡುಮಧ್ಯೆ ಇರುತ್ತಿತ್ತು. ಮುಂದೆ ಎಷ್ಟು ಜಾಗವೋ ಹಿಂದೆಯೂ ಅಷ್ಟೇ. ಗ್ರೇಂಜ್ ತೋಳನ್ನು ಹಿಂದಕ್ಕೆ ಸರಿಸಿದರು. ಕೈ ಆಡುವ ಕಡೆ ಜಾಗ ಜಾಸ್ತಿಯಾಯಿತು. ತಳದ ಅಂಚನ್ನು ದುಂಡಗೆ ಮಾಡಿದರು. ಇದು ಕವಚದ ಕೆಲಸವಾ? ಒಳಗಿನ ಯಾಂತ್ರಿಕತೆಯನ್ನೇ ಜರುಗಿಸಬೇಕು. ಜರುಗಿಸು ಎಂದು ಎಂಜಿನಿಯರಿಗೆ ಹೇಳುವ ಧೈರ್ಯ ಎಲ್ಲಿಂದ ಬಂತು? ಹೊಲಿಯುವವರ ಕೈಯನ್ನು ನೋಡಿದ್ದರಿಂದ.

ಪಾರ್ಕರ್ 25 ಪೆನ್ನು ನಿಮ್ಮ ಕೈಗೆ ಸಿಕ್ಕರೆ ಕ್ಯಾಪು ತೆಗೆದು ಹಿಂದಕ್ಕೆ ಸಿಕ್ಕಿಸಿ ನೋಡಿ. ಇದು 1975ರ ಪೆನ್ನು, ಸ್ಟೇನ್‌ಲೆಸ್ ಸ್ಟೀಲಿನದು. ಅದರ ಹಿಂಬದಿ ಒಂದು ಮೆಟ್ಟಿಲಿನಂತೆ ಸಣ್ಣದಾಗುತ್ತದೆ. ಕ್ಯಾಪು ಅಲ್ಲಿ ಕೂತಾಗ ಮೈಯ ಮಟ್ಟಕ್ಕೇ ಸರಿಯಾಗಿ ಕೂರುತ್ತದೆ, ಉಬ್ಬಿ ನಿಲ್ಲುವುದಿಲ್ಲ. ನೋಡುವವರಿಗೆ ಅದೊಂದು ಚೆಂದದ ಗೆರೆ. ಬರೆಯುವವರಿಗೆ ಕ್ಯಾಪು ಎಲ್ಲಿಡಲಿ ಎನ್ನುವ ಪ್ರಶ್ನೆಗೆ ಉತ್ತರ.

ಹಾಗಾದರೆ ಎಂಜಿನಿಯರಿಂಗ್ ಓದದೆ ಇದೆಲ್ಲ ಹೇಗೆ ಬಂತು ಎಂದಿರಿ. ಓದಲಿಲ್ಲ ನಿಜ, ಕಲಿಯಲಿಲ್ಲ ಅನ್ನುವುದು ಸುಳ್ಳು. 1929ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರು. ತಂದೆ ಪೊಲೀಸ್. ಯುದ್ಧದ ಕಾಲದಲ್ಲಿ, ಇನ್ನೂ ಹದಿಹರೆಯದಲ್ಲಿ, ವಿಲ್ಸ್‌ಡನ್‌ನ ಕಲಾ ಶಾಲೆಗೆ ಸೇರಿ ಚಿತ್ರ ಕಲಿತರು. ಆಮೇಲೆ ಕಡ್ಡಾಯ ಸೈನ್ಯ ಸೇವೆ. ಅಲ್ಲಿ ರಾಯಲ್ ಎಂಜಿನಿಯರ್ಸ್ ದಳದಲ್ಲಿ ಅವರ ಕೆಲಸ ತಾಂತ್ರಿಕ ಚಿತ್ರ ಬರೆಯುವುದು. ಯಂತ್ರ ಹೇಗೆ ಬಿಚ್ಚಬೇಕು, ಹೇಗೆ ಜೋಡಿಸಬೇಕು ಅಂತ ತೋರಿಸುವ ಕೈಪಿಡಿಗಳಿಗೆ ಬೇಕಾದ ಚಿತ್ರಗಳು. ಒಂದು ವಸ್ತುವಿನ ಒಳಗನ್ನು ಬೇರೆಯವರಿಗೆ ಅರ್ಥವಾಗುವಂತೆ ಬರೆಯಬೇಕಾದರೆ ಮೊದಲು ನಮಗೆ ಅರ್ಥವಾಗಬೇಕು. ಅದೇ ಅವರ ಎಂಜಿನಿಯರಿಂಗ್ ಕಾಲೇಜು. ನಂತರ ವಾಸ್ತುಶಿಲ್ಪಿಗಳ ಕಚೇರಿಗಳಲ್ಲಿ ಹಲವು ವರ್ಷ ಸಹಾಯಕನ ಕೆಲಸ. ಕೊನೆಯದು ಜ್ಯಾಕ್ ಹೌ ಅವರ ಬಳಿ. ಸ್ವಂತ ಕಚೇರಿ ತೆರೆಯುವ ಹೊತ್ತಿಗೆ ಅವರು ಇಪ್ಪತ್ತರ ದಶಕದ ಕೊನೆಯಲ್ಲಿದ್ದರು. ನಿಮಗೀಗ 26. ತಡವಾಗಿಲ್ಲ.

ಅದೃಷ್ಟ ಇರಲಿಲ್ಲವಾ? ಇತ್ತು. 1958ರ ಬ್ರಸೆಲ್ಸ್ ವಿಶ್ವ ಮೇಳದಲ್ಲಿ ಕೊಡಾಕ್‌ನ ಪ್ರದರ್ಶನ ಜೋಡಿಸುತ್ತಿದ್ದಾಗ, ಕ್ಯಾಮೆರಾಗಳೇ ಇಷ್ಟು ಕುರೂಪವಾಗಿರದಿದ್ದರೆ ಪ್ರದರ್ಶನ ಇನ್ನೂ ಚೆನ್ನಾಗಿರುತ್ತಿತ್ತು ಅಂತ ಅವರು ಯಾರಿಗೋ ಹೇಳಿದರು. ಅದು ಕೊಡಾಕ್‌ನವರ ಕಿವಿಗೆ ಬಿತ್ತು. ಕರೆದು ಕೆಲಸ ಕೊಟ್ಟರು. ಮರುವರ್ಷ ಬ್ರೌನಿ 44ಎ ಕ್ಯಾಮೆರಾ ಬಂತು. ಈ ಕಥೆ ಎಲ್ಲರಿಗೂ ಇಷ್ಟ. ಆದರೆ ಮುಖ್ಯವಾದದ್ದು ಆಮೇಲೆ ನಡೆದದ್ದು. ಕೊಡಾಕ್ ಜೊತೆಗೂ ಕೆನ್‌ವುಡ್ ಜೊತೆಗೂ ಅವರ ಸಂಬಂಧ ದಶಕಗಟ್ಟಲೆ ಉಳಿಯಿತು. ಬಾಗಿಲು ಅದೃಷ್ಟದಿಂದ ತೆರೆಯಿತು ಅನ್ನೋಣ. ಅಷ್ಟು ವರ್ಷ ಒಳಗೆ ಉಳಿಯಲು ಅದೃಷ್ಟ ಸಾಲದು. ಕಾರ್ಖಾನೆಯವರ ಕಷ್ಟ, ಅಚ್ಚಿನ ಖರ್ಚು, ಮಾರಾಟದವರ ಗೋಳು, ಎಲ್ಲ ಗೊತ್ತಿರಬೇಕು.

ಮತ್ತೆ, ಅವರು ಒಂಟಿಯಾಗಿ ಕೂತು ಎಲ್ಲ ಮಾಡಿದವರಲ್ಲ. 1972ರಲ್ಲಿ ಅಲನ್ ಫ್ಲೆಚರ್, ಕಾಲಿನ್ ಫೋರ್ಬ್ಸ್, ಥಿಯೋ ಕ್ರಾಸ್ಬಿ, ಮರ್ವಿನ್ ಕುರ್ಲಾನ್ಸ್ಕಿ ಜೊತೆ ಸೇರಿ ಪೆಂಟಾಗ್ರಾಮ್ ಎಂಬ ಡಿಸೈನ್ ಸಂಸ್ಥೆ ಕಟ್ಟಿದರು. ಐವರಲ್ಲಿ ಉಳಿದವರು ಗ್ರಾಫಿಕ್ಸ್ ಮತ್ತು ವಾಸ್ತುಶಿಲ್ಪದವರು, ವಸ್ತುಗಳ ವಿನ್ಯಾಸಕ್ಕೆ ಇವರು. ಕಾಲು ಶತಮಾನ ಅಲ್ಲಿದ್ದರು. ಲಂಡನ್ನಿನ ಟಿಎಕ್ಸ್1 ಟ್ಯಾಕ್ಸಿ 1997ರದು. ಗಾಲಿಕುರ್ಚಿಯಲ್ಲಿ ಬರುವವರು ಏರುವ ವ್ಯವಸ್ಥೆ, ಮಗುವಿಗೆ ಸೀಟು, ವಯಸ್ಸಾದವರು ಕೂತು ಒಳಕ್ಕೆ ತಿರುಗುವಂತೆ ತಿರುಗುವ ಸೀಟು ಅದರಲ್ಲಿದ್ದವು. ಪೆಂಟಾಗ್ರಾಮ್ ಬಿಟ್ಟ ಮೇಲೂ ಸುಮ್ಮನಿರಲಿಲ್ಲ. ಆಂಗಲ್‌ಪಾಯ್ಸ್ ಮೇಜು ದೀಪಗಳಿಗೆ ಹೊಸ ರೂಪ ಕೊಟ್ಟರು. ತೋಳನ್ನು ಎಲ್ಲಿಗೆ ಎಳೆದರೂ ಅಲ್ಲೇ ನಿಲ್ಲಿಸುವ ಆ ದೀಪದ ಸ್ಪ್ರಿಂಗ್ ತತ್ವ 1930ರ ದಶಕದ್ದು, ಕಾರಿನ ಸಸ್ಪೆನ್ಶನ್ ಬಲ್ಲ ಜಾರ್ಜ್ ಕಾರ್ವರ್ಡೈನ್ ಎಂಬ ಎಂಜಿನಿಯರ್ ಕಂಡುಹಿಡಿದದ್ದು. ಗ್ರೇಂಜ್ ಅದನ್ನು ಮುಟ್ಟಲು ಹೋಗಲಿಲ್ಲ. ಯಾವುದನ್ನು ಮುಟ್ಟಬಾರದು ಎಂದು ತಿಳಿಯುವುದೂ ನಮ್ಮ ಕಸುಬಿನ ದೊಡ್ಡ ಭಾಗ. 2013ರಲ್ಲಿ ಅವರಿಗೆ ಸರ್ ಪದವಿ ಸಿಕ್ಕಿತು. 2024ರ ಜುಲೈನಲ್ಲಿ, 95 ತುಂಬಿದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಇನ್ನು ನಿಮ್ಮ ವಿಷಯ.

ನಿಮ್ಮ ಚಡಪಡಿಕೆಗೆ ಕಾರಣ ಎಂಜಿನಿಯರಿಂಗ್ ಅಲ್ಲ ಅಂತ ನನಗನ್ನಿಸುತ್ತದೆ. ನೀವು ಬರೆಯುವ ಬ್ರಾಕೆಟ್ ಕೊನೆಗೆ ಎಲ್ಲಿ ಕೂರುತ್ತದೆ, ಯಾರ ಕೈಗೆ ಸಿಗುತ್ತದೆ ಅನ್ನುವುದು ನಿಮಗೆ ಕಾಣುತ್ತಿಲ್ಲ. ಇದು ಡಿಗ್ರಿಯಿಂದ ಸರಿಹೋಗುವ ತೊಂದರೆಯಲ್ಲ. ಡಿಸೈನ್ ಓದಿಯೂ ಯಾರೋ ಕಳಿಸಿದ ಆಕಾರಕ್ಕೆ ಬಣ್ಣ ಬಳಿಯುತ್ತಾ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ. ಹಾಗಾಗಿ ಮೊದಲು ಸಾಲದ ಯೋಚನೆ ಬದಿಗಿಡಿ. ಕೆಲಸದಲ್ಲಿ ಇದ್ದುಕೊಂಡೇ, ಸಂಜೆ ಮತ್ತು ಭಾನುವಾರ, ಒಂದು ವಸ್ತು ಆರಿಸಿಕೊಳ್ಳಿ. ಮನೆಯಲ್ಲಿ ದಿನಾ ಬಳಸುವಂಥದ್ದು. ಮಿಕ್ಸಿ ಜಾರಿನ ಹಿಡಿ, ಕುಕ್ಕರ್ ಮುಚ್ಚಳ, ಇಸ್ತ್ರಿಪೆಟ್ಟಿಗೆ, ಏನಾದರೂ ಸರಿ. ಅದನ್ನು ಬಳಸುವ ಕೆಲವರನ್ನು, ಮಾತಾಡಿಸದೆ, ನೋಡಿ. ಒದ್ದೆ ಕೈಯಲ್ಲಿ ಹೇಗೆ ಹಿಡಿಯುತ್ತಾರೆ? ಎಡಗೈಯಲ್ಲಿ ಏನು ಮಾಡುತ್ತಾರೆ? ಎಲ್ಲಿ ಒಂದು ಗಳಿಗೆ ತಡೆಯುತ್ತಾರೆ? ಆಮೇಲೆ ಫೋಮ್‌ನಲ್ಲೋ ರಟ್ಟಿನಲ್ಲೋ ನಿಜ ಅಳತೆಯ ಮಾಡೆಲ್ ಮಾಡಿ ಅವರ ಕೈಗೇ ಕೊಡಿ. ಕಂಪ್ಯೂಟರ್ ಪರದೆಯ ಮೇಲೆ ಎಲ್ಲ ಹಿಡಿಯೂ ಚೆನ್ನಾಗೇ ಕಾಣುತ್ತದೆ. ಫೋಮಿನ ತುಂಡು ಕೈಗೆ ಬಂದಾಗಲೇ ಹೆಬ್ಬೆರಳಿಗೆ ಜಾಗವಿಲ್ಲ ಅಂತ ಗೊತ್ತಾಗುವುದು. ಕೆಲವು ತಿಂಗಳು ಹೀಗೆ ಮಾಡಿದ ಮೇಲೂ ಉತ್ಸಾಹ ಇಳಿಯದಿದ್ದರೆ ಮುಂದಿನ ಹೆಜ್ಜೆ ಇಡಿ. ಇಳಿದರೆ, ನಿಮಗೆ ಬೇಕಿದ್ದದ್ದು ಚಿತ್ರ ಬರೆಯುವ ಸಂತೋಷ ಮಾತ್ರ ಇರಬಹುದು. ಅದನ್ನು ನೌಕರಿ ಬಿಡದೆಯೂ ಇಟ್ಟುಕೊಳ್ಳಬಹುದು.

ಮುಂದಿನ ಹೆಜ್ಜೆಯಲ್ಲಿ ನಾನು ಮೊದಲು ಹೇಳುವುದು ಕೆಲಸ ಬದಲಿಸುವುದನ್ನು. ಜನ ನೇರವಾಗಿ ಬಳಸುವ ವಸ್ತು ಮಾಡುವ ಕಂಪನಿಗಳಲ್ಲಿ, ಡಿಸೈನ್ ಸ್ಟುಡಿಯೋಗಳಲ್ಲಿ, ಪ್ಲಾಸ್ಟಿಕ್ ಭಾಗಗಳನ್ನೂ ಮೋಲ್ಡ್‌ಗಳನ್ನೂ ಬಲ್ಲ ಮೆಕ್ಯಾನಿಕಲ್‌ನವರು ಬೇಕೇಬೇಕು. ಡಿಸೈನರ್ ಬರೆದ ಆಕಾರ ಅಚ್ಚಿನಿಂದ ಹೊರಬರುತ್ತದೋ ಇಲ್ಲವೋ ಅಂತ ಹೇಳುವವರು ನೀವೇ. ಸಂಬಳ ನಿಲ್ಲುವುದಿಲ್ಲ, ವಿನ್ಯಾಸಕರ ಪಕ್ಕದಲ್ಲೇ ಕೂತು ಕಲಿಯುತ್ತೀರಿ. ಅಪಾಯ ಒಂದಿದೆ: 'ಕ್ಯಾಡ್ ಮಾಡೋ ಹುಡುಗ' ಅಂತ ಹಣೆಪಟ್ಟಿ ಬಿದ್ದರೆ ಅಲ್ಲೇ ಉಳಿದುಬಿಡುತ್ತೀರಿ. ಸೇರುವಾಗಲೇ ಬಳಕೆದಾರರ ಭೇಟಿಗೆ, ಮಾಡೆಲ್ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಾರಾ ಅಂತ ಬಾಯಿಬಿಟ್ಟು ಕೇಳಿ.

ಎರಡನೆಯದು ಇಲ್ಲೇ ಎಂ.ಡೆಸ್., ಅಂದರೆ ಡಿಸೈನ್‌ನಲ್ಲಿ ಸ್ನಾತಕೋತ್ತರ ಪದವಿ, ಓದುವುದು. ಬೆಂಗಳೂರಿನ ಐಐಎಸ್‌ಸಿಯಲ್ಲಿದೆ, ಐಐಟಿ ಬಾಂಬೆ ಸೇರಿ ಹಲವು ಐಐಟಿಗಳಲ್ಲಿದೆ. ಇವಕ್ಕೆ ಸೀಡ್ ಪರೀಕ್ಷೆ ಬರೆಯಬೇಕು. ಎನ್ಐಡಿಯ (ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ) ದಾರಿ ಬೇರೆ, ಅವರದೇ ಪ್ರವೇಶ ಪರೀಕ್ಷೆ. ಎಂಜಿನಿಯರಿಂಗ್ ಮುಗಿಸಿ ಬಂದವರು ಈ ತರಗತಿಗಳಲ್ಲಿ ಜಾಸ್ತಿಯೇ ಇರುತ್ತಾರೆ, ಹಾಗಾಗಿ ನಿಮ್ಮ ಬಿ.ಇ. ವ್ಯರ್ಥವಾಗುವುದಿಲ್ಲ. ಎರಡು ವರ್ಷ ಸಂಬಳವಿಲ್ಲ, ಸೀಟು ಕಡಿಮೆ, ಮೊದಲ ಸಲಕ್ಕೇ ಸಿಗುತ್ತದೆ ಅನ್ನುವ ಖಾತ್ರಿಯಿಲ್ಲ. ಖಾಸಗಿ ಸಂಸ್ಥೆಗಳೂ ಇವೆ. ಅಲ್ಲಿ ಶುಲ್ಕದ ಜೊತೆ ವರ್ಕ್‌ಶಾಪ್ ಹೇಗಿದೆ ನೋಡಿ. ಉಪಕರಣಗಳ ಮೇಲೆ ಧೂಳು ಕೂತಿದ್ದರೆ ವಾಪಸ್ ಬನ್ನಿ.

ಇಂಗ್ಲೆಂಡ್ ಕೆಟ್ಟದ್ದು ಅಂತ ಹೇಳಲ್ಲ. ರಾಯಲ್ ಕಾಲೇಜ್ ಆಫ್ ಆರ್ಟ್‌ನಂಥ ಕಡೆ ಕಲಿಕೆ, ಸಹವಾಸ ಎರಡೂ ಚೆನ್ನಾಗಿವೆ. ಆದರೆ ಅಲ್ಲಿನ ಸ್ನಾತಕೋತ್ತರ ಕೋರ್ಸುಗಳು ಹೆಚ್ಚಿನವು ಒಂದೇ ವರ್ಷದವು. ಡಿಸೈನಿಗೆ ಹೊಸಬರಾದರೆ ಕಣ್ಣು ಬಿಡುವಷ್ಟರಲ್ಲಿ ಮುಗಿದುಹೋಗುತ್ತದೆ. ಓದಿದ ಮೇಲೆ ಅಲ್ಲೇ ಕೆಲಸ ಸಿಕ್ಕರೆ ಸಾಲ ತೀರುತ್ತದೆ, ಸಿಗದಿದ್ದರೆ ಪೌಂಡಿನ ಸಾಲವನ್ನು ರೂಪಾಯಿಯ ಸಂಬಳದಲ್ಲಿ ತೀರಿಸಬೇಕು. ವೀಸಾ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಗ್ರೇಂಜ್ ಬೆಳೆದದ್ದು ಊರೂರಲ್ಲಿ ಕಾರ್ಖಾನೆಗಳಿದ್ದ ಬ್ರಿಟನ್ನಿನಲ್ಲಿ. ಅವರಿಗೆ ಕೆಲಸ ಕೊಟ್ಟ ಎಷ್ಟೋ ತಯಾರಿಕೆ ಆಮೇಲೆ ಬೇರೆ ದೇಶಗಳಿಗೆ ಹೋಯಿತು. ಕಾರ್ಖಾನೆಯ ನೆಲಕ್ಕೆ ಹತ್ತಿರವಿರುವ ಅನುಕೂಲ ಇವತ್ತು ನಿಮಗೆ ಬೆಂಗಳೂರಿನಲ್ಲೇ ಜಾಸ್ತಿ. ಹೋಗುವುದಾದರೆ ಎರಡು ಮೂರು ವರ್ಷ ಈ ಕೆಲಸ ಮಾಡಿ, ಕೈಯಲ್ಲಿ ತೋರಿಸಲು ಏನಾದರೂ ಇಟ್ಟುಕೊಂಡು, ಆದಷ್ಟು ವಿದ್ಯಾರ್ಥಿವೇತನದ ಮೇಲೆ ಹೋಗಿ.

ಒಂದು ಎಚ್ಚರಿಕೆ. ರೈಲಿನ ಮೂತಿಯ ಕಥೆ ಕೇಳಿ, ಕೇಳದ ಕೆಲಸವನ್ನೂ ಬಿಟ್ಟಿ ಮಾಡಿಕೊಟ್ಟರೆ ಹೆಸರು ಬರುತ್ತದೆ ಅಂತ ಹೊಸಬರು ನಂಬುತ್ತಾರೆ. ನಂಬಿಸುವವರೂ ಇದ್ದಾರೆ. ಆ ಹೊತ್ತಿಗೆ ಗ್ರೇಂಜ್‌ಗೆ ದೊಡ್ಡ ಕಂಪನಿಗಳ ಕೆಲಸ ಕೈತುಂಬ ಇತ್ತು, ಸಮಯ ಸುರಿಯುವ ಶಕ್ತಿಯಿತ್ತು. ನಿಮ್ಮ ಸ್ವಂತ ಕಲಿಕೆಗೆ ಎಷ್ಟು ಬೇಕಾದರೂ ದುಡಿಯಿರಿ. 'ಸ್ಯಾಂಪಲ್ ಮಾಡಿಕೊಡಿ, ಆಮೇಲೆ ನೋಡೋಣ' ಅನ್ನುವ ಕಂಪನಿಗೆ ಬಿಟ್ಟಿ ದುಡಿಯಬೇಡಿ.

ಅಪ್ಪನ ವಿಷಯಕ್ಕೆ. ಅವರಿಗೆ ನೀವು 'ಚಿತ್ರ' ತೋರಿಸಿದ್ದೀರಿ, ಅವರು ಚಿತ್ರವನ್ನೇ ಕಂಡಿದ್ದಾರೆ. ಮುಂದಿನ ಸಲ ಊರಿಗೆ ಹೋದಾಗ ನೀವು ಮಾಡಿದ ಹಿಡಿಯನ್ನು ಅಮ್ಮನ ಕೈಗೆ ಕೊಡಿ, ಅಪ್ಪ ಪಕ್ಕದಲ್ಲೇ ಇರಲಿ. ಹಳೆಯದು, ಹೊಸದು ಎರಡನ್ನೂ ಹಿಡಿದು ನೋಡಲಿ. ಜೊತೆಗೆ ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿ: ಉಳಿತಾಯ ಎಷ್ಟು, ಶುಲ್ಕ ಎಷ್ಟು, ಸೀಟು ಸಿಗದಿದ್ದರೆ ಏನು ಮಾಡುತ್ತೀರಿ. ನೌಕರಿ ಬಿಡುವ ಮಾತು ಅದರಲ್ಲಿ ಕೊನೆಗೆ ಬರಲಿ.

ಸಂದರ್ಶನಕ್ಕೆ ಬಂದವರ ಮುಂದೆ ನಾನು ಮೊದಲು ಕೇಳುವುದು ಕೈಬಿಟ್ಟ ಮಾಡೆಲ್‌ಗಳನ್ನು. ಹೊಳೆಯುವ ಕೊನೆಯ ಚಿತ್ರ ಎಲ್ಲರ ಹತ್ತಿರವೂ ಇರುತ್ತದೆ. ಮೂರನೆಯ ಮಾಡೆಲ್ ಯಾಕೆ ಬೇಡವಾಯಿತು, ಯಾರ ಕೈಯಲ್ಲಿ ಅದು ಕೆಲಸಕ್ಕೆ ಬರಲಿಲ್ಲ ಅಂತ ಹೇಳಬಲ್ಲವರು ಕಡಿಮೆ. ಹಾಗಾಗಿ ಒಂದನ್ನೂ ಬಿಸಾಡಬೇಡಿ. ದಿನಾಂಕ ಬರೆದು, ಫೋಟೋ ತೆಗೆದು, ಏನು ಗೊತ್ತಾಯಿತು ಅಂತ ಎರಡು ಸಾಲು ಬರೆದಿಡಿ. ಸೀಡ್ ಪರೀಕ್ಷೆ ಸಾಮಾನ್ಯವಾಗಿ ಜನವರಿಯಲ್ಲಿ ನಡೆಯುತ್ತದೆ, ಅರ್ಜಿ ಅದಕ್ಕೂ ಕೆಲವು ತಿಂಗಳು ಮೊದಲೇ ಹಾಕಬೇಕು. ಕೆಲಸದಲ್ಲಿದ್ದುಕೊಂಡೇ ಒಂದು ಸಲ ಬರೆದು ನೋಡಿ.